ದಾಳವೋ, ಮಾತೋ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿಯೇ ಇದ್ದೇವೆ. ಮಾತು ಬಾರದವನ ಗತಿ ಏನೆಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ಒಂದು ಆಟದ ವಿಚಾರವಾಗಿ ಬರೆಯಹೊರಟ ನನಗೆ ಮೊದಲು ಇದೇ ನೆನಪಾದುದಕ್ಕೆ ಕಾರಣವುಂಟು.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ ಹೊರತಂದ ಈ ಆಟವನ್ನು ಎರಡು ವರ್ಷಗಳಿಂದ ನಾವು ಐದು ಮಂದಿ ಗೆಳೆಯರು ಭಾನುವಾರ ಮಧ್ಯಾಹ್ನ ಹಾಸ್ಟೆಲಿನ ಕೋಣೆಯಲ್ಲಿ ಆಡುತ್ತ ಬಂದಿದ್ದೇವೆ. ಒಬ್ಬನು ಸೂತ್ರಧಾರನಾಗಿ ಕಥೆಯ ಲೋಕವನ್ನು ವರ್ಣಿಸುವನು. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಲೋಕದಲ್ಲಿ ತಾವೇನು ಮಾಡುವೆವೆಂಬುದನ್ನು ಹೇಳುವರು. ಫಲ ಏನಾದೀತೆಂಬ ಸಂಶಯ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುವುದು. ದಾಳವೆಂದೊಡನೆ ಶಕುನಿಯನ್ನು ನೆನೆದು ಹುಬ್ಬುಗಂಟಿಕ್ಕುವ ಗುರುಗಳಲ್ಲಿ ಒಂದು ವಿಜ್ಞಾಪನೆ: ಇಲ್ಲಿ ಪಣವಿಲ್ಲ. ಮೊದಮೊದಲು ನಮ್ಮಲ್ಲಿ ದಾಳವೂ ಇರಲಿಲ್ಲ. 1ರಿಂದ 20ರವರೆಗೆ ಅಂಕಿ ಬರೆದ ಚೀಟಿಗಳನ್ನು ಸ್ಟೀಲಿನ ಲೋಟದಲ್ಲಿ ಹಾಕಿ ಎತ್ತುತ್ತಿದ್ದೆವು.

ನನ್ನ ಪಾತ್ರ ಊರೂರು ಅಲೆಯುವ ಗಾಯಕನದು. ಪರರ ಮನಸ್ಸನ್ನು ಒಲಿಸುವ ಶಕ್ತಿಗೆ ಈ ಆಟದಲ್ಲಿ ‘ಕರಿಸ್ಮಾ’ ಎಂದು ಹೆಸರು. ನನ್ನ ಗಾಯಕನಿಗೆ ಅದು 16, ಒಳ್ಳೆಯ ಅಂಕ. ಒಂದು ದಿನ ಕೋಟೆಯ ಬಾಗಿಲಲ್ಲಿ ಕಾವಲುಗಾರನು ನಮ್ಮನ್ನು ತಡೆದ. ಗಾಯಕನೇ ಮಾತಾಡಬೇಕಾದ ಸಂದರ್ಭ. ನಾನು ಬಾಯಿ ತೆರೆದೆ. ಎರಡು ಪದ ಹೊರಟವು, ಮೂರನೆಯದು ಗಂಟಲಲ್ಲೇ ಉಳಿಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಚೇರಿಯ ಕಿಟಕಿಯ ಮುಂದೆ ನಿಂತಾಗ ನನ್ನ ತಂದೆಯ ಬಾಯಿ ಹೇಗೆ ಕಟ್ಟುವುದೋ, ನಾಲ್ಕು ಜನರ ಮುಂದೆ ನನ್ನದೂ ಹಾಗೆಯೇ ಕಟ್ಟುತ್ತದೆ. ಅಷ್ಟರಲ್ಲಿ, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗಳಿಸಿದ ಗೆಳೆಯನೊಬ್ಬ ಎದ್ದು ನಿಂತ. ಅವನ ಪಾತ್ರ ಕೊಡಲಿ ಹಿಡಿದ ಒರಟನದು, ಕರಿಸ್ಮಾ ಬರೀ 8. ಆದರೇನು, ಸೊಗಸಾದ ಭಾಷಣವನ್ನೇ ಬಿಗಿದ. ಸೂತ್ರಧಾರನು ತಲೆದೂಗಿ, ಚೀಟಿಯನ್ನೂ ಎತ್ತಿಸದೆ ಬಾಗಿಲು ತೆರೆಸಿಬಿಟ್ಟ.

ಇದು ಯಾವ ನ್ಯಾಯ? ಪಾತ್ರವು ಬಂಡೆಯನ್ನು ಎತ್ತಬೇಕಾದಾಗ ಆಟಗಾರನಿಗೆ ಹಾಸ್ಟೆಲಿನ ರುಬ್ಬುವ ಕಲ್ಲನ್ನು ಎತ್ತಿ ತೋರಿಸೆಂದು ಯಾರೂ ಕೇಳುವುದಿಲ್ಲ. ಮಾತಿಗೆ ಮಾತ್ರ ಏತಕ್ಕೆ ಆಟಗಾರನದೇ ನಾಲಿಗೆ ಬೇಕು?

ಈ ತಕರಾರು ನಮ್ಮ ಕೋಣೆಯಲ್ಲಿ ಹುಟ್ಟಿದ್ದಲ್ಲ. ಇಂಥ ಆಟಗಳ ಪೂರ್ವಜವೆನ್ನಬಹುದಾದ ಯುದ್ಧದಾಟವನ್ನು ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದಾಗ ಅದರಲ್ಲಿ ದಾಳಗಳೂ ಕೋಷ್ಟಕಗಳೂ ಇದ್ದವು. ಇವೆಲ್ಲ ಹೊರೆ, ಅನುಭವಿಯಾದ ತೀರ್ಪುಗಾರನ ವಿವೇಚನೆಯೇ ಸಾಕು ಎಂದು 1876ರಲ್ಲಿ ಅದೇ ದೇಶದ ವೆರ್ಡಿ ದು ವೆರ್ನ್ವಾ ವಾದಿಸಿದ. 1991ರಲ್ಲಿ ಎರಿಕ್ ವುಜ್ಸಿಕ್ ದಾಳವೇ ಇಲ್ಲದ ‘ಆಂಬರ್’ ಎಂಬ ಪಾತ್ರದಾಟವನ್ನು ಹೊರತಂದ. ಆದರೆ ಪ್ರಷ್ಯಾದ ತೀರ್ಪುಗಾರನು ತೂಗಬೇಕಾಗಿದ್ದುದು ಸೇನೆಯ ನಡೆಯನ್ನು, ಸೇನಾನಿಯ ಕಂಠವನ್ನಲ್ಲ ಎಂಬುದನ್ನು ದಾಳ ಬೇಡವೆನ್ನುವ ಮಿತ್ರರು ಗಮನಿಸಬೇಕು.

ಮುಂದಿನ ವಾರ ನಾನು ಹಟ ಹಿಡಿದೆ: ಇನ್ನು ಮೇಲೆ ಮಾತಿಗೂ ಚೀಟಿಯೇ ಆಗಬೇಕು. 2014ರ ನಿಯಮಪುಸ್ತಕದಂತೆ ಮಧ್ಯಮ ಕಷ್ಟದ ಕೆಲಸಕ್ಕೆ 15 ಬೇಕು. ನನ್ನ ಗಾಯಕನು ಬಿದ್ದ ಅಂಕಿಗೆ 5 ಕೂಡಿಸಿಕೊಳ್ಳುವುದರಿಂದ ಗೆಲುವು ನೂರಕ್ಕೆ 55. ಒರಟನು 1 ಕಳೆದುಕೊಳ್ಳುವುದರಿಂದ ನೂರಕ್ಕೆ 25. ಲೆಕ್ಕ ಚೊಕ್ಕವಾಯಿತು. ನಾನು ಗೆಲ್ಲತೊಡಗಿದೆ.

ಆದರೆ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಒಂದು ತಿಂಗಳಲ್ಲಿ ನಮ್ಮ ಆಟ ಸತ್ತುಹೋಯಿತು. ‘ಒಲಿಸುತ್ತೇನೆ, ಲೋಟ ಕೊಡು’, ‘ಬೆದರಿಸುತ್ತೇನೆ, ಲೋಟ ಕೊಡು’. ಕಾವಲುಗಾರನ ಹೆಸರನ್ನು ಕೇಳುವವರೂ ಇರಲಿಲ್ಲ. ಎಲ್ಲರಿಗಿಂತ ಹೆಚ್ಚಿನ ಸೋಮಾರಿ ನಾನೇ. ನ್ಯಾಯಕ್ಕಾಗಿ ತಂದ ಚೀಟಿಯ ಹಿಂದೆ ನಾನು ಅಡಗಿ ಕುಳಿತಿದ್ದೆ. ಚರ್ಚಾಪಟು ಗೆಳೆಯನೂ ಮುನಿಸಿಕೊಂಡು ಮೂಲೆ ಸೇರಿದ್ದ. ಅವನ ಭಾಷಣಗಳಿಲ್ಲದ ಮಧ್ಯಾಹ್ನಗಳು ಸಪ್ಪೆಯಾಗಿದ್ದುವೆಂದು ಹೇಳದಿದ್ದರೆ ಸುಳ್ಳಾದೀತು.

ಈಗ ನಾವು ನಡೆಸುತ್ತಿರುವ ಕ್ರಮ ಹೀಗಿದೆ. ಮೊದಲು ಮಾತು, ಆಮೇಲೆ ದಾಳ. ಪಾತ್ರವಾಗಿಯೇ ನುಡಿಯಬಹುದು, ಬಾರದಿದ್ದರೆ ‘ನನ್ನ ಗಾಯಕ ಇಂಥದನ್ನು ಹೇಳುತ್ತಾನೆ’ ಎಂದು ಒಂದೇ ವಾಕ್ಯದಲ್ಲಿ ತಿಳಿಸಬಹುದು. ಸೂತ್ರಧಾರನು ಏನು ಹೇಳಿದರೆಂಬುದನ್ನು ತೂಗಬೇಕು, ಹೇಗೆ ಹೇಳಿದರೆಂಬುದನ್ನಲ್ಲ. ಕಾವಲುಗಾರನ ಮನಸ್ಸಿಗೆ ನಿಜವಾಗಿ ತಾಗುವ ಮಾತಾದರೆ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು; ಆಗ ನನ್ನ 55 ಸುಮಾರು 80 ಆಗುತ್ತದೆ. ಸಂಶಯಕ್ಕೆ ಎಡೆಯೇ ಇಲ್ಲದ ಕಡೆ ದಾಳ ಬೇಡ. ಉರುಳಿಸಿದ ಮೇಲೆ ಬಿದ್ದದ್ದನ್ನು ಒಪ್ಪಲೇಬೇಕು. ಇಲ್ಲವಾದರೆ ಉರುಳಿಸುವುದಾದರೂ ಏತಕ್ಕೆ? ಗೆಳೆಯನು ಇನ್ನೂ ಇದನ್ನು ಪೂರ್ತಿ ಒಪ್ಪಿಲ್ಲ. ಚೆಂದದ ಮಾತಿಗೂ ಒಂದು ಬೆಲೆ ಬೇಡವೆ ಎನ್ನುತ್ತಾನೆ. ಚಪ್ಪಾಳೆ ಇದೆಯಲ್ಲ ಎನ್ನುತ್ತೇನೆ ನಾನು.

ಈ ವರ್ಷ ಮೊದಲನೆಯ ಬಿ.ಎ. ತರಗತಿಯ ಹುಡುಗನೊಬ್ಬ ನಮ್ಮೊಡನೆ ಸೇರಿದ್ದಾನೆ. ಎರಡು ಭಾನುವಾರ ತುಟಿ ಬಿಚ್ಚಲಿಲ್ಲ. ಮೂರನೆಯ ವಾರ ಮತ್ತೊಂದು ಕೋಟೆ, ಮತ್ತೊಬ್ಬ ಕಾವಲುಗಾರ. ನಾವೆಲ್ಲ ಕೂಗಾಡುತ್ತಿರುವಾಗ ಅವನು ನೆಲ ನೋಡುತ್ತ, ‘ಇವ್ನ ತಾಯಿಗೆ ಜ್ವರ ಅಂದಿದ್ರಲ್ಲಾ, ಔಷ್ದಿ ಐತೆ ನಮ್ತಾವ ಅಂತೀನಿ’ ಎಂದ. ಆಟದ ಆರಂಭದಲ್ಲಿ ಸೂತ್ರಧಾರನು ಹೇಳಿದ್ದ ಆ ಜ್ವರವನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ಸೂತ್ರಧಾರನು ದಾಳವನ್ನು ಅವನ ಕಡೆಗೆ ತಳ್ಳಿ, ಎರಡು ಸಲ ಎಂದ. ಮೊದಲು 3 ಬಿತ್ತು, ಆಮೇಲೆ 11. ಅವನ ಪಾತ್ರದ 2 ಕೂಡಿಸಿದರೂ 13. ಬಾಗಿಲು ತೆರೆಯಲಿಲ್ಲ, ಕಾವಲುಗಾರನು ಔಷಧಿಯ ಕುಪ್ಪಿಯನ್ನು ಮಾತ್ರ ತೆಗೆದುಕೊಂಡು, ಬೆಳಗ್ಗೆ ಬನ್ನಿರೆಂದ. ಮುಂದಿನ ಭಾನುವಾರ ಆ ಹುಡುಗ ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದ.