ಬಿದಿರಿನ ಕುದುರೆ-ಬಿಲ್ಲು: ಆ ರೀಲ್ ಯಾಕೆ ಡಿಲೀಟ್ ಮಾಡಿದೆ ಅಂದ್ರೆ

1/7
ತುಂಬಾ ಜನ ಕೇಳ್ತಿದ್ದೀರಿ, "ಬಿಲ್ಲಿನ ರೀಲ್ ಎಲ್ಲಿ ಹೋಯ್ತು?" ಅಂತ. ನಾನೇ ತೆಗೆದೆ. ಅಲ್ಲಿವರೆಗೆ ನಾನು ಹಾಕಿದ ಯಾವ ವಿಡಿಯೋನೂ ಅಷ್ಟು ಓಡಿರಲಿಲ್ಲ. ಆದ್ರೂ ತೆಗೆದೆ.

ನೋಡದೇ ಇದ್ದವರಿಗೆ ಹೇಳ್ತೀನಿ. 30 ಸೆಕೆಂಡಿನ ವಿಡಿಯೋ. ಬಿದಿರು ಸೀಳ್ತೀನಿ, ಬೆಂಕಿಗೆ ಹಿಡಿದು ತುದಿ ಬಗ್ಗಿಸ್ತೀನಿ, ಹೆದೆ ಏರಿಸ್ತೀನಿ, ಬಾಣ ಹೋಗಿ ಬಾಳೆದಿಂಡಿಗೆ ನೆಟ್ಟುಕೊಳ್ಳುತ್ತೆ. ಹಿಂದೆ ಜೋರು ಡೋಲು. ನೋಡಿದವರಿಗೆಲ್ಲ "ಇಷ್ಟೇನಾ? ಭಾನುವಾರ ಮಧ್ಯಾಹ್ನ ಮಾಡಿ ಮುಗಿಸಬಹುದು" ಅನ್ನಿಸಬೇಕು. ಅನ್ನಿಸಲಿ ಅಂತಾನೇ ಹಾಗೆ ಎಡಿಟ್ ಮಾಡಿದ್ದೆ. ತಪ್ಪು ಆಗಿದ್ದು ಅಲ್ಲೇ.

2/7
ನನ್ನ ಚಿಕ್ಕಪ್ಪನ ಮಗ 4ನೇ ಕ್ಲಾಸು. ಅವರಮ್ಮನ ಫೋನಲ್ಲಿ ಆ ರೀಲನ್ನ ಎಷ್ಟು ಸಲ ನೋಡಿದ್ನೋ ದೇವರಿಗೇ ಗೊತ್ತು. ಒಂದು ಸಂಜೆ ಹಿತ್ತಲಿಂದ ಹಸಿ ಬಿದಿರಿನ ಸೀಳು ತಂದ, ಪ್ಲಾಸ್ಟಿಕ್ ಹುರಿ ಕಟ್ಟಿದ, ಅಟ್ಟದಲ್ಲಿದ್ದ ಹಳೇ ಕೊಡೆಯ ಕಡ್ಡಿ ಕಿತ್ತು ಬಾಣ ಮಾಡ್ಕೊಂಡ. ಪಕ್ಕದ ಮನೆ ಹುಡುಗ ಎದುರಿಗೆ ನಿಂತಿದ್ದ.

ಕಡ್ಡಿ ಅವನ ಹುಬ್ಬಿಗೆ ಬಡೀತು. 3 ಹೊಲಿಗೆ ಬಿತ್ತು. ಗಾಯಕ್ಕೂ ಕಣ್ಣಿಗೂ ನಡುವೆ ಒಂದು ಬೆರಳಿನಷ್ಟು ಜಾಗಾನೂ ಇರಲಿಲ್ಲ.

ಅವರ ತಾಯಿ ನನಗೆ ಬೈಲಿಲ್ಲ. ಗೇಟಿನ ಹತ್ರ ಸಿಕ್ಕಾಗ ಒಂದೇ ಮಾತು ಕೇಳಿದ್ರು: "ಆ ವಿಡಿಯೋ ನೀನೇ ಹಾಕಿದ್ದಲ್ವೇನಪ್ಪಾ?" ಹೌದು ಅಂದೆ. ಅವರು ಒಳಗೆ ಹೋದ್ರು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ನನ್ನ ತಲೇಲಿ ಎರಡು ವಾದ ಓಡ್ತಾ ಇದ್ವು. ಒಂದು, "ಬಿಲ್ಲಿನ ಸಹವಾಸಾನೇ ಬೇಡ." ಇನ್ನೊಂದು, "ಬಿಲ್ಲು ತಪ್ಪಲ್ಲ, ನಾನು ತೋರಿಸಿದ ರೀತಿ ತಪ್ಪು." ನಾನು ಎರಡನೇದರ ಕಡೆ. ಯಾಕೆ ಅಂತ ಮುಂದೆ ಬರೀತೀನಿ. ಉದ್ದ ಇದೆ, ಸ್ಕ್ರಾಲ್ ಮಾಡಿ ಹೋಗ್ಬೇಡಿ.

3/7
ಮೊದಲು ಒಂದು ಸುಳ್ಳು ತಿದ್ದಬೇಕು. ರೀಲ್ ಮೇಲೆ "ನಿಜವಾದ ಕುದುರೆ-ಬಿಲ್ಲು" ಅಂತ ಬರೆದಿದ್ದೆ. ಅದು ನಿಜವಾದದ್ದಲ್ಲ.

ಕುದುರೆ ಮೇಲೆ ಕೂತು ಹೊಡೆಯೋಕೆ ಬಿಲ್ಲು ಗಿಡ್ಡ ಇರಬೇಕು. ಇಲ್ಲಾಂದ್ರೆ ಕುದುರೆಯ ಕತ್ತಿನ ಮೇಲಿಂದ ಎಡಕ್ಕೂ ಬಲಕ್ಕೂ ತಿರುಗಿಸೋಕೆ ಆಗಲ್ಲ. ಆದ್ರೆ ಹೆದೆಯನ್ನ ಕೆನ್ನೆವರೆಗೆ, ಕೆಲವರು ಕಿವಿ ದಾಟಿಸಿ ಎಳೀತಾರೆ. ಗಿಡ್ಡ ಬಿಲ್ಲು, ಉದ್ದ ಎಳೆತ. ಬರೀ ಮರ ಇದನ್ನ ತಡೆಯಲ್ಲ, ಲಟಕ್ ಅಂತ ಮುರಿಯುತ್ತೆ. ಅದಕ್ಕೇ ಮಂಗೋಲರು, ತುರ್ಕರು, ಮಂಚುಗಳು, ಕೊರಿಯಾದವರು ಬೇರೆ ಬೇರೆ ವಸ್ತು ಸೇರಿಸಿ ಬಿಲ್ಲು ಮಾಡಿದ್ರು. ಬಗ್ಗಿದಾಗ ಹಿಗ್ಗೋ ಹೊರಮೈಗೆ ಪ್ರಾಣಿಯ ಸ್ನಾಯು, ಕುಗ್ಗೋ ಒಳಮೈಗೆ ಕೊಂಬು, ನಡುವೆ ಮರ ಅಥವಾ ಬಿದಿರು.

ಕೊರಿಯಾದ ಗಾಕ್‌ಗುಂಗ್ ಬಿಲ್ಲನ್ನೇ ತಗೊಳ್ಳಿ. ನಡುವೆ ಬಿದಿರು, ಒಳಗಡೆ ನೀರೆಮ್ಮೆಯ ಕೊಂಬು, ಹೊರಗಡೆ ಸ್ನಾಯು, ಅಂಟಿಸೋಕೆ ಮೀನಿನ ಗಾಳಿಚೀಲದಿಂದ ಮಾಡಿದ ಗೋಂದು. ಹೆದೆ ಬಿಚ್ಚಿದ್ರೆ ಬಿಲ್ಲು ನೆಟ್ಟಗಾಗಲ್ಲ, ಹಿಂದಕ್ಕೆ ಬಗ್ಗಿ ಹೆಚ್ಚುಕಮ್ಮಿ ಬಳೆ ಥರ ಸುರುಳಿಯಾಗುತ್ತೆ. ಅಲ್ಲಿ ಇವತ್ತಿಗೂ ಗುರಿ ಇಡೋದು 145 ಮೀಟರ್ ದೂರಕ್ಕೆ. ತೇವ ಹಿಡಿದ್ರೆ ಆ ಗೋಂದು ಮೆತ್ತಗಾಗುತ್ತೆ ಅಂತ ಬಿಲ್ಲನ್ನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡ್ತಾರೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಅದರ ಗತಿ ಏನಾಗ್ಬಹುದು ನೀವೇ ಯೋಚಿಸಿ.

ನಾವು ಮನೇಲಿ ಮಾಡೋದ್ರಲ್ಲಿ ಕೊಂಬೂ ಇಲ್ಲ, ಸ್ನಾಯೂ ಇಲ್ಲ. ಹಿಗ್ಗೋದು, ಕುಗ್ಗೋದು, ಆಕಾರ ಹಿಡಿಯೋದು ಮೂರೂ ಬಿದಿರಿನ ತಲೆ ಮೇಲೇ ಬೀಳುತ್ತೆ. ಹಾಗಾಗಿ ಅದು ಕುದುರೆ-ಬಿಲ್ಲಿನ ಆಕಾರದ ಬಿದಿರು ಬಿಲ್ಲು, ಅಷ್ಟೇ. ಹಾಗಂತ ಹೇಳೋದ್ರಲ್ಲಿ ಅವಮಾನ ಏನಿಲ್ಲ. ಹೇಳದೇ ಇದ್ರೆ ಮಾತ್ರ ಯಾರೋ ಒಬ್ಬರು 110 ಸೆಂ.ಮೀ. ಪಟ್ಟಿಯನ್ನ ಕಿವಿವರೆಗೆ ಎಳೀತಾರೆ, ಅದು ಮುಖದ ಹತ್ರ ಸಿಡಿಯುತ್ತೆ. ನಂದು 150 ಸೆಂ.ಮೀ. ಇದೆ, ನಾನು 60 ಸೆಂ.ಮೀ.ಗಿಂತ ಜಾಸ್ತಿ ಎಳೆಯಲ್ಲ.

4/7
ರೀಲಲ್ಲಿ ಇಲ್ಲದ ಇನ್ನೊಂದು ವಿಷಯ: ಅದು ನನ್ನ ಎರಡನೇ ಬಿಲ್ಲು. ಮೊದಲನೇದು ಮುರೀತು. (ಸ್ವೈಪ್ ಮಾಡಿ, ತುಂಡುಗಳ ಫೋಟೋ ಇದೆ.)

ಹಸಿ ಬಿದಿರು ತಂದಿದ್ದೆ. ಚೆಂದ ಕಾಣ್ಲಿ ಅಂತ ಹಸಿರು ಸಿಪ್ಪೆ ಪೂರ್ತಿ ಹೆರೆದು, ಉಪ್ಪುಕಾಗದ ತಿಕ್ಕಿ, ನುಣ್ಣಗೆ ಮಾಡಿದ್ದೆ. ಎರಡನೇ ಸಲ ಎಳೆದಾಗ ಹೊರಮೈಯಲ್ಲಿ ಎಳೆ ಎದ್ದು ಸೀಳಿಹೋಯ್ತು. ತುಂಡು ಹಿಡ್ಕೊಂಡು ಬುಟ್ಟಿ ಹೆಣೆಯೋ ಮೇದಾರ ಅಜ್ಜನ ಹತ್ರ ಹೋದೆ. ಅವರು ನೋಡಿ ನಕ್ಕರು. "ಏ ಹುಡ್ಗಾ, ಬಿದಿರಿನ ಜೀವ ಇರೋದೇ ಸಿಪ್ಪೇಲಿ. ಅದನ್ನೇ ಹೆರೆದು ಹಾಕಿದ್ಯಲ್ಲೋ."

ಅಡ್ಡ ಕತ್ತರಿಸಿದ ಬಿದಿರನ್ನ ಹತ್ತಿರದಿಂದ ನೋಡಿ. ಸಿಪ್ಪೆ ಕಡೆ ನಾರಿನ ಚುಕ್ಕೆಗಳು ಒತ್ತೊತ್ತಾಗಿವೆ, ಒಳಗೆ ಹೋದ ಹಾಗೆ ವಿರಳ. ಎಳೆತ ತಡೆಯೋದು ಆ ಒತ್ತು ನಾರು. ಅದಕ್ಕೇ ಸಿಪ್ಪೆ ಯಾವಾಗ್ಲೂ ಹೊರಗೆ, ಗುರಿಯ ಕಡೆಗೆ ಇರಬೇಕು. ಹೆರೆಯೋದು ಏನಿದ್ರೂ ಒಳಗಡೆಯಿಂದ. ಹೊರಗಡೆ ಗೆಣ್ಣಿನ ಏಣು ಮೆತ್ತಗೆ ಸವರಬಹುದು, ಅದಕ್ಕಿಂತ ಹೆಚ್ಚು ಮುಟ್ಟಬಾರದು.

ಬಿದಿರು ಎಲ್ಲಿಂದ ತರೋದು? ಕಾಡಿಗೆ ನುಗ್ಗಿ ಕಡಿಯಬೇಡಿ. 2017ರ ತಿದ್ದುಪಡಿ ಆದ್ಮೇಲೆ ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯ್ದೆಯಲ್ಲಿ "ಮರ" ಅಲ್ಲ. ಆದ್ರೆ ಕಾಡಿನೊಳಗಿನ ಬಿದಿರಿಗೆ ಆ ವಿನಾಯಿತಿ ಇಲ್ಲ. ನಿಮ್ಮ ತೋಟದ್ದೋ, ಕೇಳಿ ಪಡೆದದ್ದೋ ಇರಲಿ. ಬೆಳೆದ ಗಳ, ಎಳೇದಲ್ಲ. ಸೀಳಿ, ನೆರಳಲ್ಲಿ, ಅಟ್ಟದ ಮೇಲೆ ಒಣಗಿಸಿ. ನಾನು 5 ತಿಂಗಳು ಕಾದೆ. ರೀಲಲ್ಲಿ ಆ 5 ತಿಂಗಳಿಗೆ ಸಿಕ್ಕಿದ್ದು ಸೊನ್ನೆ ಸೆಕೆಂಡು.

5/7
ಈಗ ನಿಜವಾದ ಕೆಲಸ. ಇಂಗ್ಲಿಷಲ್ಲಿ ಟಿಲ್ಲರಿಂಗ್ ಅಂತಾರೆ. ನಾನು ಹದ ಹಿಡಿಯೋದು ಅಂತೀನಿ.

ಹಿಡಿಯ ಮೇಲೊಂದು ತೋಳು, ಕೆಳಗೊಂದು ತೋಳು. ಎರಡೂ ಒಂದೇ ಥರ ಬಾಗಬೇಕು. ಒಂದು ಕಡೆ ಗಟ್ಟಿ ಇದ್ರೆ ಇನ್ನೊಂದು ಕಡೆ ಹೊರೆ ಜಾಸ್ತಿ ಬಿದ್ದು ಅಲ್ಲೇ ಮುರಿಯುತ್ತೆ. ನಾನು ಕೊಟ್ಟಿಗೆ ಕಂಬಕ್ಕೆ ಬಿಲ್ಲಿನ ಹಿಡಿ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ, ಬಾವಿಯ ಹಳೇ ರಾಟೆಯಿಂದ ಕೆಳಕ್ಕೆ ಎಳೆದು, ದೂರ ನಿಂತು ನೋಡ್ತಿದ್ದೆ. ಎಲ್ಲಿ ಬಾಗ್ತಿಲ್ವೋ ಅಲ್ಲಿ ಒಳಗಡೆಯಿಂದ ಚಾಕು ನೆಟ್ಟಗೆ ಹಿಡಿದು ನಾಲ್ಕು ಸಲ ಹೆರೆಯೋದು. ಎಲ್ಲಿ ಜಾಸ್ತಿ ಬಾಗ್ತಿದ್ಯೋ ಅಲ್ಲಿ ಕೈ ಹಾಕಲ್ಲ. ಮತ್ತೆ 30 ಸಲ ಮೆಲ್ಲಗೆ ಎಳೆದು ಬಿಡದೆ ಇಳಿಸೋದು. ಮತ್ತೆ ನೋಡೋದು. ಇವತ್ತು ಎರಡು ಇಂಚು ಜಾಸ್ತಿ ಎಳೆದ್ರೆ ಅದೇ ದೊಡ್ಡದು.

11 ಸಂಜೆ ಇದೇ ಕೆಲಸ. ಅಮ್ಮ ಅಂತೂ "ಈ ತಾಳ್ಮೆ ಪರೀಕ್ಷೆ ಟೈಮಲ್ಲಿ ಎಲ್ಲಿ ಹೋಗಿತ್ತು?" ಅಂದ್ಲು.

ಆದ್ರೆ ಆ 11 ಸಂಜೆಯಲ್ಲಿ ಏನೋ ಆಯ್ತು. ಲಗೇಜ್ ತೂಗೋ ಕೊಕ್ಕೆ ಸಿಕ್ಕಿಸಿ ನೋಡಿದಾಗ ಮೊದಲು 4 ಕೆ.ಜಿ., ಆಮೇಲೆ 7, ಕೊನೆಗೆ 11. ಪ್ರತಿ ಕೆ.ಜಿ.ಯೂ ನನ್ನ ಭುಜಕ್ಕೆ ಗೊತ್ತು. ಬಿಲ್ಲು ಟಿಕ್ ಅಂದ್ರೆ ಎದೆ ಝಲ್ ಅನ್ನೋದು. ಮೊದಲನೇ ಬಾಣ ಹೂಡೋ ಹೊತ್ತಿಗೆ ನನಗೆ ಬಿಲ್ಲಿನ ಬಗ್ಗೆ ಸರಿಯಾಗಿ ಭಯ ಕಲ್ತಾಗಿತ್ತು.

ರೀಲಲ್ಲಿ ನಾನು ಕತ್ತರಿಸಿ ಬಿಸಾಕಿದ್ದು ಇದನ್ನೇ. ನಿಧಾನವನ್ನ ಕತ್ತರಿಸಿದೆ, ಅದರ ಜೊತೆ ಭಯಾನೂ ಹೋಯ್ತು. ನನ್ನ ತಮ್ಮನಿಗೆ ಸಿಕ್ಕಿದ್ದು ಬರೀ ಬಾಣ ಹಾರೋ ಆ 2 ಸೆಕೆಂಡು.

6/7
ಮಾಡೋರು ಮಾಡೇ ಮಾಡ್ತೀರಿ. ಹಾಗಾಗಿ ನಾಲ್ಕು ಮಾತು, ದಯವಿಟ್ಟು ಇದನ್ನ ಸೇವ್ ಮಾಡ್ಕೊಳ್ಳಿ.

ಬರಿ ಹೆದೆ ಎಳೆದು ಬಿಡಬೇಡಿ. ಬಾಣ ಇದ್ರೆ ಬಿಲ್ಲಿನ ಶಕ್ತಿಯಲ್ಲಿ ಬಹುಪಾಲು ಬಾಣದ ಜೊತೆ ಹೋಗುತ್ತೆ. ಇಲ್ಲದಿದ್ರೆ ಎಲ್ಲಾ ವಾಪಸ್ ತೋಳುಗಳಿಗೇ ಬಡಿಯುತ್ತೆ, ಬಿಲ್ಲು ಸಿಡೀಬಹುದು. ತೀರಾ ಹಗುರ ಬಾಣ ಹಾಕಿದ್ರೂ ಹೆಚ್ಚುಕಮ್ಮಿ ಅದೇ ಕಥೆ. ಕೊಡೆ ಕಡ್ಡಿ ಎರಡು ಕಡೆಯಿಂದಲೂ ಕೆಟ್ಟದ್ದು: ಬಿಲ್ಲಿಗೆ ಹಗುರ, ಕಣ್ಣಿಗೆ ಚೂಪು.

ಬಿರುಕು ಬಿಟ್ಟ ಬಾಣ ಹೂಡಬೇಡಿ. ಬಿಟ್ಟ ಕ್ಷಣದಲ್ಲೇ ಮುರಿದು ಬಿಲ್ಲು ಹಿಡಿದ ಕೈಗೇ ಚುಚ್ಚಬಹುದು. ಪ್ರತಿ ಸಲ ಕಿವಿ ಹತ್ರ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ, ಸದ್ದು ಬಂದ್ರೆ ಒಲೆಗೆ ಹಾಕಿ.

ಗುರಿಯ ಹಿಂದೆ ಏನಿದೆ ಅಂತ ಗೊತ್ತಿಲ್ದೆ ಬಾಣ ಬಿಡಬೇಡಿ. ಬೇಲಿ ಆಚೆ ದಾರಿ ಇದ್ರೆ ಆ ಜಾಗ ಆಗಲ್ಲ. ಎದುರಿಗೆ ಯಾರೂ ಇರಬಾರದು, ನಾಯಿ ದನ ಸೇರಿ.

ಕೆಲಸ ಮುಗಿದ್ಮೇಲೆ ಹೆದೆ ಇಳಿಸಿ ಇಡಿ. ಬಿಲ್ಲಿಗೂ ವಿಶ್ರಾಂತಿ, ಮನೆಯ ಚಿಕ್ಕ ಮಕ್ಕಳು ತಟ್ಟಂತ ಎತ್ಕೊಂಡು ಎಳೆಯೋಕೂ ಆಗಲ್ಲ.

7/7
ಒಬ್ಬ ಗೆಳೆಯ ಡಿಎಂ ಮಾಡಿದ್ದ: "ಅತಿ ಆಯ್ತು ಮಗಾ. ನಾವೆಲ್ಲ ಚಿಕ್ಕೋರಿದ್ದಾಗ ಕೊಡೆ ಕಡ್ಡೀಲಿ ಆಡಿಲ್ವಾ? ಏನಾಯ್ತು?" ನಿಜ, ಆಡಿದ್ವಿ. ನಮಗೆ ಏನೂ ಆಗಲಿಲ್ಲ. ಏನಾದ್ರೂ ಆದವರು ಈ ಮಾತು ಹೇಳೋಕೆ ಬರಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ಕಡೆ ಅಪ್ಪ. "ಸುಟ್ಟು ಹಾಕು ಅದನ್ನ" ಅಂದ್ರು. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದ್ರೂ ಒಪ್ಪಲಿಲ್ಲ. ಬಿಲ್ಲು ಸುಟ್ಟರೆ ಮಕ್ಕಳು ಕೊಡೆ ಕಡ್ಡಿ ಬಿಡಲ್ಲ. ನಿಧಾನವಾಗಿ ಮಾಡೋದು ಕಲ್ತರೆ ಬಿಡಬಹುದು. ಈಗ ಪ್ರತಿ ಭಾನುವಾರ ನನ್ನ ತಮ್ಮನೂ ಹೊಲಿಗೆ ಹಾಕಿಸ್ಕೊಂಡ ಆ ಹುಡುಗನೂ ಕೊಟ್ಟಿಗೆಗೆ ಬರ್ತಾರೆ. ಹುಡುಗನ ತಾಯಿಯನ್ನ ಕೇಳಿದ್ಮೇಲೇ ಕರೆದದ್ದು. ಹಗ್ಗ ಎಳೆಯೋದು ಒಬ್ಬ, ದೂರ ನಿಂತು "ಎಡಗಡೆ ಗಟ್ಟಿ ಅಣ್ಣಾ" ಅನ್ನೋದು ಇನ್ನೊಬ್ಬ. ಬಾಣ ಇನ್ನೂ ಮುಟ್ಟಿಸಿಲ್ಲ. ಕೇಳೋದನ್ನೂ ಬಿಟ್ಟಿದ್ದಾರೆ, ಹೆರೆಯೋದ್ರಲ್ಲೇ ಮುಳುಗಿದ್ದಾರೆ.

ಗುರಿ ಇಡೋ ಆಸೆ ಇರೋರಿಗೆ ಒಂದು ದಾರಿ ಹೇಳ್ತೀನಿ. ನಮ್ಮ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಅಂತ ಒಂದು ವಿಭಾಗ ಇದೆ. ಅಲ್ಲಿ ಬಳಸೋದು ಬಿದಿರಿನ ಬಿಲ್ಲೇ, ಗುರಿ 50 ಮತ್ತು 30 ಮೀಟರ್‌ಗೆ. ಕೋಚ್ ಇರೋ ಕಡೆ ಹೋಗಿ ಕಲೀರಿ.

ನನ್ನ ಅಭಿಪ್ರಾಯ ಇಷ್ಟೇ. ಏನನ್ನಾದ್ರೂ ಮಾಡಿ ತೋರಿಸ್ತೀರಾ? ಬೇಜಾರು ಬರೋ ಭಾಗಾನೂ ತೋರಿಸಿ. ಮುರಿದದ್ದನ್ನೂ ತೋರಿಸಿ. ಲೈಕ್ ಕಮ್ಮಿ ಬರುತ್ತೆ, ಬರಲಿ.

ಮುಂದಿನ ವಾರ ಹೊಸ ವಿಡಿಯೋ ಹಾಕ್ತೀನಿ. ಡೋಲು ಇರಲ್ಲ, ಬಾಣ ಹಾರಲ್ಲ. ಒಬ್ಬ ಹುಡುಗ ಬಿದಿರು ಹೆರೀತಾ ಕೂತಿರ್ತಾನೆ. ಪೂರ್ತಿ ನೋಡಿದವರು ಕಮೆಂಟಲ್ಲಿ ಹೇಳಿ: ಯಾವ ತೋಳು ಗಟ್ಟಿ, ಎಡದ್ದಾ, ಬಲದ್ದಾ?

#ಬಿದಿರು #ಬಿಲ್ಲು #ಕುದುರೆಬಿಲ್ಲು #ಹದ #ನಿಧಾನ