ನೆತ್ತರು ಕಾಣದ ಗಾಯ

ಜುಲೈ ತಿಂಗಳ ೨೬ನೆಯ ತಾರೀಖು ಬಂದಿತೆಂದರೆ ಶಿವಮೊಗ್ಗೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ ಮಾಜಿ ಸೈನಿಕರಿಗೆ ಶಾಲು ಹೊದಿಸಿ ಹಾರ ಹಾಕುವ ಸಮಾರಂಭಗಳಿಗೆ ಕೊರತೆಯಿಲ್ಲ. ೧೯೯೯ರ ಕಾರ್ಗಿಲ್ ಸಮರವನ್ನು ಕಂಡವರನ್ನು ವೇದಿಕೆಯ ಮೇಲೆ ಸಾಲಾಗಿ ಕುಳ್ಳಿರಿಸಿ, ಸಿಂಹಹೃದಯರೆಂದು ಕೊಂಡಾಡಿ, ಛಾಯಾಚಿತ್ರವನ್ನು ತೆಗೆಸುವರು. ಇದೆಲ್ಲವೂ ಉಚಿತವೇ, ಯಾರೂ ಆಕ್ಷೇಪಿಸತಕ್ಕದ್ದಲ್ಲ. ಆದರೆ ಮಾರನೆಯ ದಿನ ಅದೇ ಸಿಂಹಹೃದಯನ ಹೆಂಡತಿ ನೆರೆಮನೆಯ ಹಿತ್ತಿಲ ಬಾಗಿಲಿಗೆ ಬಂದು, “ಅಕ್ಕಾ, ಇವರು ರಾತ್ರಿಯೆಲ್ಲ ಮಲಗೋದೇ ಇಲ್ಲ. ಬಾಗಿಲ ಹತ್ತಿರ ಕೂತೇ ಇರ್ತಾರೆ. ಮಕ್ಕಳು ಹತ್ತಿರ ಹೋಗೋಕೆ ಹೆದರ್ತಾವೆ” ಎಂದು ತೋಡಿಕೊಂಡರೆ, ಹಿಂದಿನ ದಿನ ಚಪ್ಪಾಳೆ ತಟ್ಟಿದ ಆ ಮನೆಯಿಂದಲೇ ಆಕೆಗೆ ದೊರೆಯುವ ಉತ್ತರವೇನು? “ಮಿಲಿಟರಿಯವರು ಹಾಗೇನೇ ತಾಯಿ, ಸ್ವಲ್ಪ ಸಹಿಸಿಕೊ.”

ಈ ಉತ್ತರದಲ್ಲಿ ಕ್ರೌರ್ಯವಿಲ್ಲ, ನಿಜ. ಅಜ್ಞಾನವಿದೆ, ಅದೂ ಓದುಬರಹ ಬಲ್ಲ ಮನೆಗಳ ಅಜ್ಞಾನ. ಕೂಸಿನ ಮೈ ಬಿಸಿಯಾದರೆ ಅರೆಗಳಿಗೆಯಲ್ಲಿ ಡಾಕ್ಟರ ಬಳಿಗೆ ಓಡುವ ಈ ಗೃಹಸ್ಥರು, ವರ್ಷಗಟ್ಟಲೆ ನಿದ್ದೆಯಿಲ್ಲದ ಗಂಡಸಿಗೆ ಮಾತ್ರ ಸಹನೆಯನ್ನು, ಅದೂ ಅವನ ಹೆಂಡತಿಯ ಸಹನೆಯನ್ನು, ಔಷಧವೆಂದು ಬರೆದುಕೊಡುವರು. ಗಾಯವೆಂದರೆ ನೆತ್ತರು ಸುರಿಯಬೇಕು, ಕೈಯೋ ಕಾಲೋ ಹೋಗಿರಬೇಕು. ಮೈ ನೆಟ್ಟಗಿದ್ದವನು ಗಾಯಾಳುವಲ್ಲ ಎಂಬ ನಂಬಿಕೆಯೇ ಇದರ ಬುಡದಲ್ಲಿರುವುದು.

ನಂಬಿಕೆ ಇಂದಿನದೇನೂ ಅಲ್ಲ. ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿ ತಂದು ನಿಲ್ಲಿಸಿರುವ ವೀರಗಲ್ಲುಗಳನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಅವುಗಳ ಸಾಮಾನ್ಯವಾದ ರೀತಿಯೆಂದರೆ, ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಅದರ ಮೇಲೆ ವೀರನನ್ನು ಅಪ್ಸರೆಯರು ಕೈಹಿಡಿದು ಕರೆದೊಯ್ಯುವುದು. ಎಲ್ಲಕ್ಕೂ ಮೇಲೆ ಶಿವಸಾನ್ನಿಧ್ಯ. ಕಲ್ಲುಕುಟಿಗನ ಲೆಕ್ಕದಲ್ಲಿ ಕಾಳಗಕ್ಕೂ ಕೈಲಾಸಕ್ಕೂ ನಡುವೆ ಮತ್ತೊಂದು ಸ್ಥಳವಿಲ್ಲ. ಊರ ತುರುಗಳನ್ನು ಮರಳಿಸಿ, ಕಣ್ಣೆದುರಿಗೆ ತಮ್ಮನನ್ನು ಕಳೆದುಕೊಂಡು, ತನ್ನ ಮೈಯ ಮೇಲೆ ಒಂದು ಗೀರೂ ಇಲ್ಲದೆ ಮನೆಗೆ ಬಂದು ಮೂಲೆ ಹಿಡಿದವನಿಗೆ ಆ ಕಲ್ಲಿನಲ್ಲಿ ಪಟ್ಟಿಕೆ ಇಲ್ಲ. ಹಾಗೆಂದು ಹಿಂದಿನವರನ್ನು ಹಳಿಯುವುದೂ ನ್ಯಾಯವಲ್ಲ. ರೈಸ್ ಸಾಹೇಬರು ೧೯೦೨ರಲ್ಲಿಯೂ ೧೯೦೪ರಲ್ಲಿಯೂ ಪ್ರಕಟಿಸಿದ ಈ ಜಿಲ್ಲೆಯ ಶಾಸನಸಂಪುಟಗಳನ್ನು ತಿರುವಿಹಾಕಿದವರಿಗೆ ವೀರನೊಬ್ಬನು ಬಿದ್ದರೆ ಅವನ ಮನೆಯವರಿಗೆ ಭೂಮಿ ಬಿಡುತ್ತಿದ್ದ ಕನ್ನಡ ನಾಡಿನ ಪದ್ಧತಿ ತಿಳಿದೇ ಇರುವುದು. ಯೋಧನ ಋಣವು ಮನೆಯವರಿಗೆ ಸಲ್ಲತಕ್ಕದ್ದೆಂಬ ವಿವೇಕವು ಅಂದಿನ ಅರಸರಿಗಿದ್ದಿತು. ಆದರೆ ಆ ದತ್ತಿಗೆ ಅವರಿಟ್ಟ ಹೆಸರು ನೆತ್ತರುಗೊಡಗೆ. ಹೆಸರಿನಲ್ಲಿಯೇ ನಿಬಂಧನೆಯುಂಟು: ನೆತ್ತರಿಲ್ಲದೆ ಕೊಡಗೆಯಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಇದೇ ನಿಬಂಧನೆಯು ಇಂಗ್ಲಿಷರ ಸೈನ್ಯದಲ್ಲಿ ಬೇರೊಂದು ವೇಷದಿಂದ ಕಾಣಿಸಿಕೊಂಡಿತು. ೧೯೧೫ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು ‘ಷೆಲ್ ಷಾಕ್’ ಎಂಬ ಹೆಸರಿನಿಂದ ಕೆಲವು ಸಿಪಾಯಿಗಳ ಅವಸ್ಥೆಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರ್ಣಿಸಿದನು. ಸೈನ್ಯದ ಅಧಿಕಾರಿಗಳು ಕೂಡಲೇ ಆ ರೋಗವನ್ನು ಎರಡಾಗಿ ಸೀಳಿದರು. ಶತ್ರುವಿನ ಗುಂಡು ಹತ್ತಿರದಲ್ಲಿ ಸಿಡಿದುದರಿಂದ ಹಾಗಾಗಿದ್ದರೆ ‘ಗಾಯ’ ಎಂಬ ಗುರುತು. ತೋಳಿಗೆ ಗಾಯದ ಪಟ್ಟಿ, ಮುಂದೆ ಪಿಂಚಣಿ. ಹಾಗಲ್ಲದಿದ್ದರೆ ‘ಕಾಯಿಲೆ’ ಎಂಬ ಗುರುತು. ಅವನಿಗೆ ಪಟ್ಟಿಯೂ ಇಲ್ಲ, ಪಿಂಚಣಿಯೂ ಇಲ್ಲ. ಒಂದೇ ಕಂದಕದಲ್ಲಿ ನಡುಗುತ್ತಿದ್ದ ಇಬ್ಬರಲ್ಲಿ ಒಬ್ಬನು ವೀರನೂ ಮತ್ತೊಬ್ಬನು ಅಳ್ಳೆದೆಯವನೂ ಆದದ್ದು ಒಂದು ಅಕ್ಷರದ ಭೇದದಿಂದ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣದ ಮೇಲೆ ಈಟಿ ಹಿಡಿದು ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯ ಪರಾಕ್ರಮವನ್ನು ಕನ್ನಡಿಗರು ಇಂದಿಗೂ ಹೆಮ್ಮೆಯಿಂದ ನೆನೆಯುವರು. ಆ ಕುದುರೆಯಿಂದ ಇಳಿದವನು ಮುಂದೆ ಹೇಗೆ ಬಾಳಿದನೆಂದು ಕೇಳಿದವರು ವಿರಳ. ಅಮೆರಿಕದ ಮನೋವೈದ್ಯರು ಯುದ್ಧಾನಂತರದ ಈ ವ್ಯಥೆಯನ್ನು ತಮ್ಮ ರೋಗಗಳ ಪಟ್ಟಿಯಲ್ಲಿ ಸೇರಿಸಿಕೊಂಡುದು ೧೯೮೦ರಲ್ಲಿ, ವಿಯೆಟ್ನಾಮಿನಿಂದ ಮರಳಿದವರ ದುರವಸ್ಥೆಯನ್ನು ಕಣ್ಣಾರೆ ಕಂಡಮೇಲೆ.

ಭಾರತದಲ್ಲಿ ಆ ಅಕ್ಷರದ ಸ್ಥಾನವನ್ನು ಒಂದು ವಾಕ್ಯವು ಆಕ್ರಮಿಸಿದೆ: “ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ.” ಸೈನಿಕನನ್ನು ಅನಾರೋಗ್ಯದ ಕಾರಣ ಬಿಡುಗಡೆ ಮಾಡುವಾಗ ವೈದ್ಯಮಂಡಲಿಯು ಹೀಗೆಂದು ಬರೆದರೆ ಅಂಗವೈಕಲ್ಯದ ಪಿಂಚಣಿ ತಪ್ಪಿತು. ಕಾಲು ಮುರಿದವನ ವಿಷಯದಲ್ಲಿ ಹೀಗೆ ಬರೆಯಲು ಕೈ ಹಿಂಜರಿಯುತ್ತದೆ. ಮನಸ್ಸು ಮುರಿದವನ ವಿಷಯದಲ್ಲಿ ಲೇಖಣಿ ಸರಾಗವಾಗಿ ಓಡುತ್ತದೆ. ೧೯೭೨ರಲ್ಲಿ ಸೈನ್ಯವನ್ನು ಸೇರಿ, ೧೯೭೭ರಲ್ಲಿ ಚಿತ್ತವಿಕಾರವೆಂಬ ಕಾರಣದಿಂದ ಹೊರಹಾಕಲ್ಪಟ್ಟ ಸಿಪಾಯಿಯೊಬ್ಬನ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದುದು ೨೦೧೩ರ ಜುಲೈ ತಿಂಗಳಲ್ಲಿ. ಮಂಡಲಿಯ ಅಭಿಪ್ರಾಯಕ್ಕೆ ತಕ್ಕ ಕಾರಣಗಳಿಲ್ಲವೆಂದು ಕಂಡು, ನ್ಯಾಯಾಧೀಶರು ಅವನನ್ನು ಹೊಸದಾಗಿ ಪರೀಕ್ಷಿಸಬೇಕೆಂದು ಆಜ್ಞಾಪಿಸಿದರು. ಅಷ್ಟು ಹೊತ್ತಿಗೆ ಮೂವತ್ತಾರು ವರ್ಷ ಸಂದಿದ್ದುವು. ಸೈನ್ಯಕ್ಕೆ ಸೇರುವಾಗ ಆರೋಗ್ಯವಂತನೆಂದು ಒಪ್ಪಿ ತೆಗೆದುಕೊಂಡಿದ್ದರೆ, ಆಮೇಲಿನ ರೋಗಕ್ಕೆ ಸೇವೆಯು ಕಾರಣವಲ್ಲವೆಂದು ಸಾಧಿಸುವ ಭಾರವು ಸರ್ಕಾರದ ಮೇಲಿರುವುದೇ ಹೊರತು ಸಿಪಾಯಿಯ ಮೇಲಲ್ಲವೆಂದು ಅದೇ ತಿಂಗಳ ಮತ್ತೊಂದು ತೀರ್ಪು ಸ್ಪಷ್ಟವಾಗಿ ಸಾರಿತು. ಆದರೂ ೨೦೨೩ರ ಸೆಪ್ಟೆಂಬರಿನಲ್ಲಿ ಈ ನಿಬಂಧನೆಗಳನ್ನು ಹೊಸದಾಗಿ ರಚಿಸಲಾಯಿತು. ಸುಳ್ಳು ಕಾಯಿಲೆಯವರನ್ನು ತಡೆಯುವುದಕ್ಕೆ ಎಂಬುದು ಅದರ ಸಮರ್ಥನೆ, ಹಿಂದಿದ್ದ ರಕ್ಷಣೆಯೂ ಸಡಿಲವಾಯಿತೆಂಬುದು ಮಾಜಿ ಸೈನಿಕರ ದೂರು. ಕಳ್ಳನಿಗಾಗಿ ಬಾಗಿಲನ್ನು ಬಿಗಿಮಾಡಿದರೆ ಕಳ್ಳನು ಬೇರೆ ದಾರಿಯನ್ನು ಹುಡುಕಿಯಾನು. ಹೊರಗುಳಿಯುವವನು ತನ್ನ ಅವಸ್ಥೆಯನ್ನು ತಾನೇ ಬಾಯಿಬಿಟ್ಟು ಹೇಳಲಾರದವನು. ಮನೋವ್ಯಥೆಯವನ ಮೊದಲನೆಯ ಲಕ್ಷಣವೇ ಅದಲ್ಲವೆ? ಮನೋರೋಗಿಯನ್ನು ದೇಹರೋಗಿಗೆ ಸಮನಾಗಿ ಕಾಣಬೇಕೆಂದು ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ವಿಧಿಸಿರುವಾಗ, ದೇಶಕ್ಕಾಗಿ ದುಡಿದವನ ಮನಸ್ಸಿಗೆ ಮಾತ್ರ ಬೇರೆ ತಕ್ಕಡಿಯೇಕೆ?

ಪಿಂಚಣಿಯ ಮಾತು ಅಂತಿರಲಿ, ಮನೆಯೊಳಗಿನದನ್ನು ನೋಡುವುದು. ಸಿಪಾಯಿಯಾಗಿ ಸೇರಿದವನು ಬಹುಮಟ್ಟಿಗೆ ನಲವತ್ತು ತುಂಬುವುದರೊಳಗೆ ಊರಿಗೆ ಮರಳುವನು. ಅಷ್ಟು ವರ್ಷ ಮನೆಯನ್ನು ನಡೆಸಿದವಳು ಹೆಂಡತಿ. ಮಕ್ಕಳ ಶಾಲೆ, ಅತ್ತೆಯ ಕಾಯಿಲೆ, ರೇಷನ್ನು, ಸಾಲ, ನಾದಿನಿಯ ಮದುವೆ ಎಲ್ಲಕ್ಕೂ ಅವಳೇ ಯಜಮಾನಿ. ವರ್ಷಕ್ಕೆರಡು ಬಾರಿ ರಜೆಯಲ್ಲಿ ಬಂದು ಮಿಠಾಯಿ ಹಂಚಿ ಹೋಗುತ್ತಿದ್ದವನು ಈಗ ಪೆಟ್ಟಿಗೆಯನ್ನು ಇಳಿಸಿ ನಿಂತುಬಿಡುವನು. ಪಟಾಲಮಿನಲ್ಲಿ ಒಂದು ಮಾತಿಗೆ ಮೂವತ್ತು ಜನ ಏಳುತ್ತಿದ್ದರು. ಇಲ್ಲಿ ಮಗನು ಮೂರು ಸಲ ಕೂಗಿದರೂ ಏಳನು. ಹಿಂದೀ ಮಾತಿನಲ್ಲಿ ಎರಡು ದಶಕ ಬದುಕಿದವನಿಗೆ ತನ್ನ ಎದೆಯ ಕಷ್ಟವನ್ನು ಹೇಳಿಕೊಳ್ಳಲು ಕನ್ನಡದಲ್ಲಿ ಪದವೇ ತೋಚದು. ಇದನ್ನೆಲ್ಲ ಮುಂಗೋಪವೆಂದು ಕರೆದು ಬಂಧುಗಳು ಕೈತೊಳೆದುಕೊಳ್ಳುವರು.

ಭದ್ರಾವತಿಯಲ್ಲಿ ಈ ಕಷ್ಟಕ್ಕೆ ಇನ್ನೊಂದು ಮುಖವುಂಟು. ೧೯೨೩ರಲ್ಲಿ ಬೆಂಕಿ ಕಂಡ ಕಬ್ಬಿಣದ ಕಾರ್ಖಾನೆಯೂ ಮುಂದೆ ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಇದ್ದ ಊರಿಗೆ ಮರಳುವ ಸೈನಿಕನಿಗೆ ಒಂದು ಆಶೆಯಿದ್ದಿತು: ಕಾವಲೋ ಉಗ್ರಾಣವೋ, ಗಂಟೆ ಹೊಡೆದಾಗ ಎದ್ದು ಹೋಗಲು ಒಂದು ಕೆಲಸ, ಜೊತೆಗೆ ನಾಲ್ಕು ಜನ. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುಹೋದುವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಣಯವು ೨೦೨೩ರ ಜನವರಿಯಲ್ಲಿ ಬಂದು, ಆಗಸ್ಟಿನಲ್ಲಿ ಅದರ ಒಂದು ಭಾಗವು ಮತ್ತೆ ಚಲಿಸಿತು. ಕೇಂದ್ರ ಸರ್ಕಾರದ ಉದ್ಯಮಗಳ ಕೆಳದರ್ಜೆಯ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇಕಡ ೧೪.೫ ಮತ್ತು ೨೪.೫ರ ಮೀಸಲಾತಿಯಿದೆಯೆಂದು ಕಾಗದದಲ್ಲಿರುವುದು ಸತ್ಯ. ನೇಮಕವೇ ಇಲ್ಲದ ಕಡೆ ಶೂನ್ಯದ ಶೇಕಡ ಎಷ್ಟಾದರೇನು? ಕಟ್ಟಕಡೆಗೆ ನಿದ್ದೆ ಬಾರದವನಿಗೆ ಬ್ಯಾಂಕಿನ ಮುಂದೆ ರಾತ್ರಿಪಾಳಿಯ ಕಾವಲು ದೊರೆಯುವುದು. ರೋಗಕ್ಕೆ ಸಂಬಳ ಬಂದಿತೆಂದು ಎಲ್ಲರೂ ನೆಮ್ಮದಿ ಪಡುವರು.

ಉಳಿದ ಹೊತ್ತಿಗೆ ಮದ್ಯವಿದೆ. ಈ ವಿಷಯದಲ್ಲಿ ಸಂಭಾವಿತ ಗೃಹಸ್ಥರ ನಡತೆಯನ್ನು ಸ್ವಲ್ಪ ಬಿಚ್ಚಿ ಹೇಳುವುದೇ ಒಳ್ಳೆಯದು. ಮನೆಯ ಸಮಾರಂಭಕ್ಕೆಂದು ಮಾಜಿ ಸೈನಿಕನ ಕ್ಯಾಂಟೀನಿನ ಸೀಸೆಗಳನ್ನು ಸೋವಿಯಾಗಿ ಕೇಳಿ ಪಡೆಯುವವರೂ ಇವರೇ. ಉಳಿದ ಸೀಸೆಯನ್ನು ಅವನೊಬ್ಬನೇ ಕತ್ತಲೆಯಲ್ಲಿ ಕುಳಿತು ಖಾಲಿಮಾಡಿದರೆ, ಕುಡುಕನೆಂದು ಮಕ್ಕಳಿಗೆ ತೋರಿಸುವವರೂ ಇವರೇ.

ಇಷ್ಟನ್ನು ಹೇಳಿದರೆ ಯೋಧರೆಲ್ಲರನ್ನೂ ಹುಚ್ಚರೆಂದಂತಾಯಿತೆಂದು ಕೆಲವರು ಮುನಿಯುವರು. ಊರಲ್ಲಿ ಜ್ವರದ ಆಸ್ಪತ್ರೆ ಬೇಕೆಂದವನು ಊರವರೆಲ್ಲರಿಗೂ ಜ್ವರವೆಂದನೆ? ಮರಳಿ ಬಂದವರಲ್ಲಿ ಹೆಚ್ಚಿನವರು ತೋಟ ಮಾಡುತ್ತ, ಅಂಗಡಿ ನಡೆಸುತ್ತ, ಗಟ್ಟಿಮುಟ್ಟಾಗಿಯೇ ಇರುವರು. ಮಾತು ಉಳಿದವರನ್ನು ಕುರಿತದ್ದು. ಅವರ ಅವಸ್ಥೆಯು ಊಹೆಗೆ ನಿಲುಕದೆಂಬ ನೆವವೂ ಈ ಎರಡು ಊರುಗಳವರಿಗಿಲ್ಲ. ೨೦೨೧ರ ಜನವರಿ ೨೧ರ ರಾತ್ರಿ ಶಿವಮೊಗ್ಗೆಯ ಬಳಿಯ ಹುಣಸೋಡಿನಲ್ಲಿ ಕಲ್ಲುಗಣಿಯ ಸ್ಫೋಟಕಗಳು ಸಿಡಿದು ಹಲವರು ಮಡಿದಾಗ, ಭೂಕಂಪವೆಂದು ಬಗೆದು ಶಿವಮೊಗ್ಗೆಯವರೂ ಭದ್ರಾವತಿಯವರೂ ಹೊದಿಕೆಯೊಡನೆ ಬೀದಿಗೆ ಓಡಿಬಂದರು. ಅದು ಒಂದು ಸ್ಫೋಟ, ಒಂದು ರಾತ್ರಿ, ಅದೂ ಬಹುಮಂದಿಗೆ ಹರದಾರಿಗಳಾಚೆಯ ಸದ್ದು. ಅಂತಹುದನ್ನು ತಿಂಗಳುಗಟ್ಟಲೆ ಪಕ್ಕದಲ್ಲಿಯೇ ಕೇಳಿದವನು ಗಣಪತಿ ವಿಸರ್ಜನೆಯ ಪಟಾಕಿಗೆ ಗೋಡೆಗೆ ಒರಗಿದರೆ ನಗುವವರು, ಆ ರಾತ್ರಿ ತಾವು ನಿಂತಿದ್ದ ಬೀದಿಯನ್ನು ನೆನೆಸಿಕೊಳ್ಳಲಿ. ೨೦೧೬ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತಿದ್ದು, ಹೊರತೆಗೆದ ಕೆಲವು ದಿನಗಳಲ್ಲಿ ಕಣ್ಮುಚ್ಚಿದ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದನಿಗಾಗಿ ಕರ್ನಾಟಕವೆಲ್ಲ ಅತ್ತಿತು. ಆ ಹಿಮವನ್ನು ಅಗೆದು ಅವನನ್ನೂ ಒಡನಾಡಿಗಳ ಶವಗಳನ್ನೂ ಮೇಲಕ್ಕೆ ತಂದ ಕೈಗಳೂ ಎಂದಾದರೊಂದು ದಿನ ಯಾವುದೋ ಊರಿಗೆ, ಯಾವುದೋ ಮನೆಗೆ ಮರಳತಕ್ಕವೇ.

ವಿಚಿತ್ರವೆಂದರೆ, ಮನಸ್ಸಿನ ರೋಗವನ್ನು ಕುರಿತು ಕನ್ನಡಿಗರಿಗೆ ಪಾಠ ಹೇಳಿದ ಊರುಗಳಲ್ಲಿ ಶಿವಮೊಗ್ಗೆಯೂ ಒಂದು. ಡಾಕ್ಟರ್ ಅಶೋಕ್ ಪೈ ಅವರು ೨೦೧೬ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ ಚಿಕಿತ್ಸೆ ನಡೆಸುತ್ತ, ಮನೋರೋಗವು ದೆವ್ವವೂ ಅಲ್ಲ, ಪಾಪದ ಫಲವೂ ಅಲ್ಲವೆಂದು ಲೇಖನಗಳಿಂದಲೂ ಕಥೆಗಳಿಂದಲೂ ಜನರಿಗೆ ಮನಗಾಣಿಸಿದರು. ಅವರ ಕಥೆಯಿಂದ ೧೯೮೮ರಲ್ಲಿ ‘ಕಾಡಿನ ಬೆಂಕಿ’ ಎಂಬ ಚಲನಚಿತ್ರವೂ ಆಯಿತು. ಆ ಪಾಠವನ್ನು ಮೆಚ್ಚಿ ಓದಿದ ಮನೆಗಳೇ ಸೈನಿಕನ ಹೆಂಡತಿಗೆ ಸಹಿಸಿಕೊ ಎನ್ನುವುದು ಹೇಗೆ ಸರಿಹೋದೀತು?

ಸಾಧನಗಳೇ ಇಲ್ಲವೆಂದು ಹೇಳುವಂತಿಲ್ಲ. ೨೦೨೨ರ ಅಕ್ಟೋಬರಿನಿಂದ ಟೆಲಿಮಾನಸ್ ಎಂಬ ದೂರವಾಣಿ ವ್ಯವಸ್ಥೆಯುಂಟು. ೧೪೪೧೬ ಎಂಬ ಅಂಕಿಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಸೈನ್ಯದವರಿಗೂ ಅವರ ಮನೆಯವರಿಗೂ ಮೀಸಲಾದ ಅದರ ಶಾಖೆಯೊಂದು ೨೦೨೩ರ ಡಿಸೆಂಬರಿನಲ್ಲಿ ಪುಣೆಯಲ್ಲಿ ತೆರೆಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರನ್ನು ಕೂರಿಸುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರವು ಕೆಲವು ವರ್ಷಗಳ ಹಿಂದೆಯೇ ಏರ್ಪಡಿಸಿತು. ಆದರೆ ಇವೆಲ್ಲವೂ ರೋಗಿಯು ತಾನಾಗಿ ಬಂದು ಬಾಗಿಲು ತಟ್ಟಲಿ ಎಂದು ಕಾಯುವಂಥವು; ತಟ್ಟಲಾರದುದೇ ಈ ರೋಗ. ೨೦೨೨ರ ಜೂನಿನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ನಿಬಂಧನೆಯಂತೆ ನಾಲ್ಕು ವರ್ಷದ ಸೇವೆಯ ಬಳಿಕ ನಾಲ್ಕರಲ್ಲಿ ಮೂರು ಪಾಲಿನ ಹುಡುಗರು ಪಿಂಚಣಿಯೂ ಮಾಜಿ ಸೈನಿಕರ ವೈದ್ಯಸೌಕರ್ಯವೂ ಇಲ್ಲದೆ ಹಿಂತಿರುಗತಕ್ಕವರು. ಅವರಿಗಂತೂ ತಟ್ಟುವುದಕ್ಕೆ ಬಾಗಿಲೇ ಕಡಮೆ.

ಆದಕಾರಣ ಕೇಳುವ ಕೆಲಸವನ್ನು ಸರ್ಕಾರದವರೂ ಸಂಘದವರೂ ತಾವಾಗಿ ಕೈಗೊಳ್ಳತಕ್ಕದ್ದು. ಪಿಂಚಣಿದಾರನು ಬದುಕಿರುವನೆಂಬುದಕ್ಕೆ ವರ್ಷಕ್ಕೊಮ್ಮೆ ಪ್ರಮಾಣಪತ್ರವನ್ನು ತಪ್ಪದೆ ಕೇಳುವರು. ಹೇಗೆ ಬದುಕಿರುವನೆಂದು ಮಾತ್ರ ಕೇಳುವವರಿಲ್ಲ. ಅದೇ ದಿನ, ಅದೇ ಮೇಜಿನ ಬಳಿ ಐದಾರು ಪ್ರಶ್ನೆಗಳನ್ನು ಕೇಳುವುದಕ್ಕೆ ಎಷ್ಟು ವೆಚ್ಚವಾದೀತು? ಪ್ರಶ್ನೆಗಳು ಕನ್ನಡದಲ್ಲಿರಬೇಕು. ಹೆಂಡತಿಯನ್ನು ಬೇರೆ ಕೋಣೆಯಲ್ಲಿ, ಗಂಡನು ಕೇಳಿಸಿಕೊಳ್ಳದಂತೆ ವಿಚಾರಿಸಬೇಕು. ಉತ್ತರವು ಕಡತವನ್ನು ಸೇರಿ ಮಲಗಬಾರದು. ಭದ್ರಾವತಿಯ ಮನೆಯಾದರೆ ಅಲ್ಲಿಗೇ, ಬರುವ ಮಂಗಳವಾರದೊಳಗೆ, ಆ ಕಷ್ಟವನ್ನು ಬಲ್ಲ ಒಬ್ಬ ಹಳೆಯ ಸೈನಿಕನು ಹೋಗಿ, ಅವರನ್ನು ಜೊತೆಯಲ್ಲಿ ಕರೆದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು.