ಕಟ್ಟೆ ಮೇಲಿನ ಕಣ್ಣುಗಳು

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳೆದ ಮಕ್ಕಳಿಗೆ ಅಂಗಡಿ ಕಟ್ಟೆಯೇ ಆಟದ ಮೈದಾನವಾಗಿತ್ತು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕಣ್ಣಾಮುಚ್ಚಾಲೆ, ಟಾಂಗಾದ ಹಿಂದೆ ಓಟ, ವಿಜಯದಶಮಿ ದಿನ ಅಪ್ಪನ ಹೆಗಲೇರಿ ಅಂಬಾರಿ ನೋಡೋದು! ಅಷ್ಟು ಜನಜಂಗುಳಿಯಲ್ಲೂ ತಾಯಂದಿರಿಗೆ ಹೆದರಿಕೆ ಇರಲಿಲ್ಲ. ದಾರಿ ತಪ್ಪಿದ ಕೂಸನ್ನು ಯಾವನೋ ಅಂಗಡಿಯವನು ಕೂರಿಸಿ, ಬಾಳೆಹಣ್ಣು ಕೊಟ್ಟು, ಮನೆ ಮುಟ್ಟಿಸುತ್ತಿದ್ದ.

2016ರಲ್ಲಿ ಮಾರುಕಟ್ಟೆಯ ಉತ್ತರ ಭಾಗ ಕುಸಿದು ಬಿತ್ತು. ಕೆಡವಬೇಕೋ, ರಿಪೇರಿ ಸಾಕೋ ಎಂದು ಆಮೇಲೆ ವಾದವೋ ವಾದ. ಗಾರೆ, ಇಟ್ಟಿಗೆಯ ಲೆಕ್ಕ ಹಾಕಿದವರು ಬಹಳ ಮಂದಿ. ಆ ಕಣ್ಗಾವಲಿನ ಲೆಕ್ಕ ಇಟ್ಟವರ್ಯಾರು?

ಕಟ್ಟಡ ಹಳೆಯದೇ ಉಳಿಯಲಿ, ಹೊಸದೇ ಏಳಲಿ. ಬೀದಿಗೆ ಮುಖ ಮಾಡಿ ಕೂತ ಸಣ್ಣ ವ್ಯಾಪಾರಿಯನ್ನು ಮಾತ್ರ ಎಬ್ಬಿಸಬೇಡಿ. ಅವನು ಎದ್ದರೆ ರಸ್ತೆ ಅಗಲವಾಗಬಹುದು. ಮಗುವಿಗೆ ಕಾವಲು ಯಾರು?